ಸೈರನ್ ಕೂಗಿದರೆ ಓಡಬೇಡಿ

ಅಣುವಿದ್ಯುತ್ ಸ್ಥಾವರದ ಸೈರನ್ ಕೂಗಿದ್ದೇ ತಡ, ನಾಲ್ಕನೆಯ ಮಹಡಿಯ ದರ್ಜಿ ಹೆಂಗಸು ಹೊಲಿಗೆ ಯಂತ್ರ ಬಿಟ್ಟೆದ್ದು, ಅತ್ತೆಯ ಕೈ ಹಿಡಿದು ಮೆಟ್ಟಿಲಿಗೆ ಓಡಿದಳು. ಇಡೀ ಕಟ್ಟಡವೇ ಕೆಳಗಿಳಿಯುತ್ತಿತ್ತು. ನೂಕುನುಗ್ಗಲಲ್ಲಿ ಕೈ ಜಾರಿತು. ತಿರುವಿನಲ್ಲಿ ಬಿದ್ದ ಅತ್ತೆ ಮತ್ತೆ ಏಳಲಿಲ್ಲ.

ಅದು ಬರೀ ತಾಲೀಮು. ವಾರದ ಮುಂಚೆಯೇ ಮನೆಮನೆಗೂ ಚೀಟಿ ಹಂಚಿದ್ದರು. ದರ್ಜಿ ಅದನ್ನು ಓದಿರಲಿಲ್ಲ. ಕಾಲರಿನ ಅಳತೆಗೆ ಆ ಕಾಗದವನ್ನೇ ಕತ್ತರಿಸಿಕೊಂಡಿದ್ದಳು.

ಎರಡು ತಿಂಗಳ ಮೇಲೆ ಸ್ಥಾವರದವರು ಸುತ್ತಲಿನ ಜನರನ್ನು ಒಳಗೆ ಬಂದು ನೋಡಲು ಕರೆದರು. ನರ್ಸ್ ಆಗಿದ್ದ ನಾದಿನಿ, "ಹೋಗೋಣ ಅತ್ತಿಗೆ" ಎಂದಳು.

"ನಿನ್ನ ಅಮ್ಮನ್ನ ತಿಂದ ಜಾಗ ಅದು. ನಾನು ಕಾಲಿಡಲ್ಲ."

"ಅಮ್ಮನ್ನ ತಿಂದಿದ್ದು ನಮ್ಮ ಗಾಬರಿ. ಹೀಗೇ ಇದ್ರೆ ಇನ್ನೊಬ್ರನ್ನೂ ತಿನ್ನುತ್ತೆ. ಬನ್ನಿ."

ಸ್ಥಾವರದಲ್ಲಿ ಬೋಳುತಲೆಯ ಎಂಜಿನಿಯರ್ ಒಂದು ಮಾದರಿಯ ಮುಂದೆ ನಿಂತು ವಿವರಿಸಿದರು. "ಯುರೇನಿಯಂ ಪರಮಾಣು ಒಡೆದಾಗ ವಿಪರೀತ ಬಿಸಿ ಹುಟ್ಟುತ್ತೆ. ಆ ಬಿಸಿಗೆ ನೀರು ಆವಿಯಾಗುತ್ತೆ. ಆವಿಯ ರಭಸಕ್ಕೆ ಈ ಟರ್ಬೈನ್ ಚಕ್ರ ಗಿರಗಿರ ತಿರುಗಿ, ಜನರೇಟರನ್ನೂ ತಿರುಗಿಸುತ್ತೆ. ಕರೆಂಟು ಹುಟ್ಟೋದು ಅಲ್ಲಿ."

"ನೀರು ಕಾಯಿಸೋಕೆ ಇಷ್ಟೆಲ್ಲ ರಗಳೆನಾ?" ಎಂದಳು ದರ್ಜಿ.

"ನನ್ನ ಹೆಂಡ್ತೀನೂ ಇದನ್ನೇ ಕೇಳ್ತಾಳೆ ಅಮ್ಮ."

ಅವಳು ನಗಲಿಲ್ಲ. "ಹೊರಗೆ ಕಾಣೋ ಆ ಗೋಪುರದ ಹೊಗೆ?"

"ಹೊಗೆಯಲ್ಲ, ನೀರಾವಿ."

"ಹಾಗಾದ್ರೆ ಅಪಾಯಾನೇ ಇಲ್ಲ ಅಂತೀರಾ?"

"ಹಾಗಂದ್ರೆ ಸುಳ್ಳಾಗುತ್ತೆ. ವಿಕಿರಣ ಹೊರಗೆ ಬರಬಾರದು ಅಂತಲೇ ಇಷ್ಟು ದಪ್ಪ ಗೋಡೆ ಕಟ್ಟಿರೋದು. ಅದನ್ನೂ ಮೀರಿ ಏನಾದ್ರೂ ಆದ್ರೆ ಎಚ್ಚರಿಸೋಕೆ ಸೈರನ್."

"ಕೂಗಿದ್ರೆ ಏನ್ ಮಾಡ್ಬೇಕು?"

"ಮನೆ ಒಳಗೇ ಇರಿ. ಬಾಗಿಲು, ಕಿಟಕಿ ಮುಚ್ಚಿ. ರೇಡಿಯೋ ಹಾಕಿ. ಅದ್ರಲ್ಲಿ ಹೊರಡಿ ಅಂತ ಹೇಳಿದ್ರೆ ಮಾತ್ರ ಹೊರಡಿ."

"ಇಷ್ಟೇನಾ?"

ಅವಳು ಅಲ್ಲೇ ಕುಸಿದು ಕೂತಳು. "ಮನೇಲೇ ಇದ್ವಲ್ಲ ನಾವು. ಅತ್ತೆ ಮಂಚದ ಮೇಲೇ ಇದ್ರು. ನಾನೇ ಎಳ್ಕೊಂಡು ಹೋದೆ."

ನಾದಿನಿ ಪಕ್ಕದಲ್ಲಿ ಕೂತು ಅವಳ ಬೆನ್ನ ಮೇಲೆ ಕೈಯಿಟ್ಟಳು.

ಮುಂದಿನ ತಾಲೀಮಿಗೆ ಮೊದಲು ದರ್ಜಿ ಕಟ್ಟಡದ ಮನೆಮನೆಗೂ ಹೋಗಿ ವಿಷಯ ತಿಳಿಸಿದಳು. ಸೈರನ್ ಕೂಗಿದಾಗ ಗಂಡ ಚಪ್ಪಲಿಗೆ ಕಾಲು ತೂರಿಸಿದ. "ಕೆಳಗಿಳಿಯೋದೇ ವಾಸಿ ಕಣೇ."

"ಅವತ್ತು ಇಳಿದು ಏನಾಯ್ತು ಅಂತ ನೋಡಿಲ್ವಾ? ಕಿಟಕಿ ಮುಚ್ಚಿ."

ಗಂಡ ಚಪ್ಪಲಿ ಕಳಚಿ, ಕಿಟಕಿ ಮುಚ್ಚಿ ರೇಡಿಯೋ ಹಾಕಿದ. ಮೆಟ್ಟಿಲ ಮೇಲೆ ಒಂದು ಹೆಜ್ಜೆಯ ಸದ್ದೂ ಇರಲಿಲ್ಲ.

ಅತ್ತೆಯಂತೂ ಮರಳಿ ಬರುವುದಿಲ್ಲ. ಆದರೆ ನಿಮ್ಮ ಮನೆಯ ಹಿರಿಯರು ಇನ್ನೂ ನಿಮ್ಮ ಜೊತೆಗಿದ್ದಾರೆ. ಸೈರನ್ ಕೂಗಿದರೆ ಓಡದೆ ಒಳಗೇ ಇರಬೇಕೆಂದು ಅವರಿಗೆ ತಿಳಿಸಿ; ಕಿವಿ ಮಂದವಾಗಿದ್ದರೆ ಎರಡು ಸಲ ಹೇಳಿ. ಇವತ್ತೇ, ಪಕ್ಕದಲ್ಲಿ ಕೂತು ಹೇಳಿ.