ದೊಡ್ಡಮ್ಮನ ಇಂಜಿನ್ನೂ ಇವರ ಎಡಗಾಲೂ

ನನ್ನ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನಮ್ಮ ಯಜಮಾನರು ಕಂಡವರಿಗೆಲ್ಲ ಹೇಳುತ್ತಾರೆ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರ ಜೊತೆ ಬಾಳುವವಳಿಗೆ ಕೋಪ ಇನ್ನೆಲ್ಲಿ ಇರಬೇಕಂತೆ? ಅವರು ಲಾರಿಯ ಡ್ರೈವರ್, ನಾನು ಕ್ಲೀನರ್. ಮದುವೆಯಾದ ಹೊಸದರಲ್ಲಿ ಕ್ಲೀನರ್ ಕೈಕೊಟ್ಟನೆಂದು ಒಂದು ದಿನದ ಮಟ್ಟಿಗೆ ಹತ್ತಿದವಳು ಇನ್ನೂ ಇಳಿದಿಲ್ಲ. ಲಾರಿಗೆ ನಾವಿಟ್ಟ ಹೆಸರು ದೊಡ್ಡಮ್ಮ.

ಹಿಂದಕ್ಕೆ ತೆಗೆಯುವಾಗ ನಾನು ಕೆಳಗಿಳಿದು ಬಾಡಿಯ ಮೇಲೆ ತಟ್ಟಬೇಕು. ಎರಡು ತಟ್ಟಿದರೆ ಹಿಂದೆ ಬಾ, ಒಂದು ತಟ್ಟಿದರೆ ನಿಲ್ಲು. ಬಾಯಿಂದ ಕೂಗಿದ್ದನ್ನು ಇವರು ಯಾವತ್ತೂ ಕಿವಿಗೆ ಹಾಕಿಕೊಂಡವರಲ್ಲ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ ಎಂದು ನಾನೂ ಬೈದುಕೊಂಡು ಸುಮ್ಮನಾಗಿದ್ದೆ.

ಈಚೆಗೆ ದೊಡ್ಡಮ್ಮ ಆಯಿಲ್ ಕುಡಿಯುವುದು ವಿಪರೀತವಾಗಿತ್ತು. ಏರು ಬಂದರೆ ಸಾಕು, ನೀಲಿ ಹೊಗೆ ಬಿಟ್ಟು ಹಿಂದಿನ ಗಾಡಿಯವರಿಂದ ನಮಗೆ ಬೈಗುಳ ಕೊಡಿಸುತ್ತಿದ್ದಳು. ಗ್ಯಾರೇಜಿನಲ್ಲಿ ಮೇಸ್ತ್ರಿ ಇಂಜಿನ್ ಬಿಚ್ಚಿ, ಕ್ರ್ಯಾಂಕ್ ದಂಡವನ್ನು ಬೆಂಚಿನ ಮೇಲಿಟ್ಟು, ಅದರ ಗೆರೆಗಳ ಮೇಲೆ ಉಗುರು ಎಳೆದು ತೋರಿಸಿದ. ಹಿಂದಿನ ರಿಪೇರಿಗಳಲ್ಲಿ ಉಜ್ಜಿಸಿ ಉಜ್ಜಿಸಿ ಅದರಲ್ಲಿ ಇನ್ನು ಉಜ್ಜುವುದಕ್ಕೆ ಮೈಯೇ ಉಳಿದಿರಲಿಲ್ಲ. ಇಂಜಿನ್ ಬ್ಲಾಕಿನಲ್ಲಿ ಕೂದಲೆಳೆಯಂಥ ಬಿರುಕು ಬೇರೆ. ಇದನ್ನೇ ರಿಪೇರಿ ಮಾಡಿದರೆ ಬೇಗನೆ ಮತ್ತೆ ಇಲ್ಲಿಗೇ ಬರುತ್ತೀರಿ ಅಕ್ಕಾ, ಇದೇ ಜಾತಿಯ ಗಟ್ಟಿ ಇಂಜಿನ್ ಒಂದು ಸಿಕ್ಕಿದೆ, ಅದನ್ನೇ ಕೂರಿಸೋಣ ಎಂದ.

ನಾನು ಹೂಂ ಅನ್ನುವಷ್ಟರಲ್ಲಿ ಇವರು ಬೇಡ ಎಂದುಬಿಟ್ಟರು. ಯಾಕೆಂದು ಕೇಳಿದರೆ ಬೇಡ. ಊಟಕ್ಕೆ ಕೂತಾಗ ಕೇಳಿದರೂ ಬೇಡ. ಇಷ್ಟು ವರ್ಷ ದುಡಿದ ಇಂಜಿನ್, ಅದನ್ನೇ ಸರಿ ಮಾಡಲಿ ಎನ್ನುವುದೊಂದೇ ಪಾಠ. ಸಿಟ್ಟಿಗೆ ನಾನು ಪಾತ್ರೆಗಳನ್ನು ಕುಕ್ಕಿದೆ. ಅದಕ್ಕೂ ಅವರು ತಲೆ ಎತ್ತಲಿಲ್ಲ.

ಕಣ್ಣಾರೆ ನೋಡಿದರೆ ಮನಸ್ಸು ಬದಲಾದೀತೆಂದು ಮೇಸ್ತ್ರಿ ಆ ಇಂಜಿನ್ ತರಿಸಿ, ಸ್ಟ್ಯಾಂಡಿನ ಮೇಲೆ ಕೂರಿಸಿ ಶುರು ಮಾಡಿದ. ಸೊಗಸಾದ ಸದ್ದು, ನನಗೇ ಕುಣಿಯುವಂತಾಯಿತು. ಇವರು ಮಾತ್ರ ಎಡಗಾಲಿನ ಚಪ್ಪಲಿ ಬಿಟ್ಟು ಬರಿಗಾಲನ್ನು ನೆಲಕ್ಕೆ ಊರಿ ನಿಂತರು, ಮುಖ ಸಪ್ಪೆ ಮಾಡಿಕೊಂಡು. ಅಷ್ಟರಲ್ಲಿ ಒಂದು ಟೆಂಪೊ ಒಳಗೆ ನುಗ್ಗುತ್ತಾ ಮಗ್ಗುಲಲ್ಲೇ ಬಾರಿಸಿತು ನೋಡಿ ಹಾರನ್ನು! ನಾವೆಲ್ಲ ಚದುರಿದೆವು, ಇವರು ಅಲುಗಲಿಲ್ಲ. ನಾನು ಕೂಗಿದೆ, ಮೇಸ್ತ್ರಿ ಕೂಗಿದ. ಗಾಬರಿಯಲ್ಲಿ ನನ್ನ ಕೈ ತಾನಾಗಿ ಅವರು ಪಕ್ಕದಲ್ಲಿ ಕೈಯೂರಿದ್ದ ಆಯಿಲ್ ಡ್ರಮ್ಮಿನ ಮೇಲೆ ಎರಡು ಸಲ ತಟ್ಟಿತು. ಯಜಮಾನರು ನೆಟ್ಟಗೆ ಎರಡು ಹೆಜ್ಜೆ ಹಿಂದೆ ಬಂದು ನಿಂತರು. ಟೆಂಪೊ ಅವರ ಮುಂದಿನಿಂದ ಹಾದುಹೋಯಿತು.

ಹಾರನ್, ಕೂಗು ಯಾವುದೂ ಕೇಳಿಸದವರಿಗೆ ತಟ್ಟಿದ್ದು ಮಾತ್ರ ತಿಳಿದಿತ್ತು! ಹಳೇ ಟೈರುಗಳ ಮೇಲೆ ಅವರನ್ನು ಕೂರಿಸಿ, ಮುಖಕ್ಕೆ ಮುಖ ಕೊಟ್ಟು, ಒಂದೊಂದೇ ಮಾತು ಬಿಡಿಸಿ, ಯಾವಾಗಿನಿಂದ ಕಿವಿ ಹೀಗೆ ಎಂದು ಕೇಳಿದೆ.

“ಸ್ವಲ್ಪ ಸ್ವಲ್ಪವೇ ಹೋಯ್ತು ಕಣೇ. ದೊಡ್ಡಮ್ಮನ ಇಂಜಿನ್ನಾದ್ರೆ ನಡುಗೋದ್ರಲ್ಲೇ ಕಾಲಿಗೆ ಗೊತ್ತಾಗುತ್ತೆ, ಗೇರ್ ಯಾವಾಗ ಬದಲಾಯಿಸ್ಬೇಕು, ಯಾವಾಗ ಸುಸ್ತಾಗಿದೆ ಅಂತ. ಬೇರೆಯವಳ ಭಾಷೆ ಕಾಲಿಗೆ ಬರುತ್ತೋ ಇಲ್ವೋ. ಬರದಿದ್ರೆ ನಾನು ಲಾರಿ ಇಳಿದ ಹಾಗೇ.”

“ಹಾಗಾದ್ರೆ ನಾನು ಇಷ್ಟು ದಿನ ಬೈದಿದ್ದೆಲ್ಲಾ?”

“ಬಾಯಿ ಆಡೋದು ಕಾಣ್ತಿತ್ತು.”

ಅಳುತ್ತಿದ್ದವಳಿಗೆ ನಗು ಉಕ್ಕಿ ಬಂತು. ಎಂಥಾ ಬೈಗುಳಗಳು, ಎಲ್ಲಾ ಗಾಳಿಪಾಲು! ಆಮೇಲೆ ಇಬ್ಬರೂ ಒಂದು ಒಪ್ಪಂದಕ್ಕೆ ಬಂದೆವು. ಕಿವಿಯನ್ನು ಡಾಕ್ಟರಿಗೆ ತೋರಿಸುವುದು, ಹೊಸ ಇಂಜಿನ್ ಕೂರಿಸುವುದು. ಕಾಲಿಗೆ ಅದರ ಮಾತು ತಿಳಿಯದಿದ್ದರೆ ಲಾರಿ ಓಡಿಸುವುದು ಬಿಟ್ಟು ಕೀಲಿ ನನ್ನ ಕೈಗೆ ಕೊಡುತ್ತಾರೆ, ನಾನು ಎದುರು ಮಾತಾಡುವಂತಿಲ್ಲ.

ಡಾಕ್ಟರು ಕಿವಿಗೆ ಪುಟ್ಟ ಯಂತ್ರ ಕೊಟ್ಟರು. ಹಾರನ್ ಕೇಳಿಸತೊಡಗಿತು, ನಾನೂ ಕೇಳಿಸತೊಡಗಿದೆ. ಆದರೆ ಇಂಜಿನ್ ಸದ್ದು ಅದರಲ್ಲಿ ಬರೀ ಗೊರಗೊರ, ಹುರುಳಿಲ್ಲ ಎಂದರು ಇವರು. ಎಲ್ಲಾ ಆ ಎಡಗಾಲಿನ ಮೇಲೇ ನಿಂತಿತ್ತು.

ಲಾರಿ ತೆಗೆಯುವ ದಿನ ನಾನು ಕ್ಯಾಬಿನ್ ತೊಳೆದು, ಒರೆಸಿ, ಹೊಸ ಇಂಜಿನ್ನಿಗೆ ಮರ್ಯಾದೆ ಇರಲೆಂದು ನೆಲಕ್ಕೆ ದಪ್ಪನೆಯ ರಬ್ಬರ್ ಮ್ಯಾಟ್ ಹಾಸಿದೆ. ಇವರು ಹತ್ತಿ ಕೂತರು, ಚಪ್ಪಲಿ ಬಿಟ್ಟರು, ಕಾಲಿಟ್ಟರು. ಶುರು ಮಾಡಿ ಕಣ್ಣು ಮುಚ್ಚಿದರು. ಆಕ್ಸಿಲರೇಟರ್ ಒತ್ತಿದರು, ಬಿಟ್ಟರು, ಮತ್ತೆ ಒತ್ತಿದರು. ಆಮೇಲೆ ಇಂಜಿನ್ ಆರಿಸಿ, ಇಳಿದು, ಕೀಲಿಯನ್ನು ನನ್ನ ಅಂಗೈಯಲ್ಲಿಟ್ಟರು. ಎದುರು ಮಾತಾಡುವಂತಿರಲಿಲ್ಲವಲ್ಲ, ಕೀಲಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡೆ.

ತೆರೆದ ಬಾಗಿಲಿನಿಂದ ಒಳಗೆ ನೋಡಿದೆ. ಮ್ಯಾಟಿನ ಮೇಲೆ ಅವರ ಕಾಲಿನ ಅಚ್ಚು ಮೂಡಿತ್ತು, ಅಷ್ಟು ಮೆತ್ತಗಿತ್ತು ಅದು. ಅಯ್ಯೋ ನನ್ನ ಬುದ್ಧಿಗಿಷ್ಟು! ಹತ್ತಿದವಳೇ ಮ್ಯಾಟನ್ನು ದರದರ ಎಳೆದು ಹೊರಗೆ ಬಿಸಾಕಿದೆ. ಅದು ಮೇಸ್ತ್ರಿಯ ಭುಜದ ಮೇಲೆ ಬಿತ್ತು, ಬೀಳಲಿ. ಇವರನ್ನು ತೋಳು ಹಿಡಿದು ಮತ್ತೆ ಹತ್ತಿಸಿ ಕೀಲಿ ಕೈಗಿಟ್ಟೆ.

ಬರಿಗಾಲು ಬರೀ ತಗಡಿನ ಮೇಲೆ ಊರಿತು. ಇಂಜಿನ್ ಶುರುವಾಯಿತು. ಇವರ ಹುಬ್ಬು ಮೇಲೇರಿತು, ತುಟಿ ಅಗಲವಾಯಿತು, ಆಮೇಲೆ ಕಾಲ್ಬೆರಳುಗಳು ತಾಳ ಹಾಕತೊಡಗಿದವು.

“ಇವಳ ದನಿ ಸ್ವಲ್ಪ ಸಣ್ಣದು ಕಣೇ,” ಎಂದರು. “ಆದ್ರೆ ಸ್ಪಷ್ಟವಾಗಿ ಮಾತಾಡ್ತಾಳೆ.”

ನನಗೆ ಆದ ಸಂತೋಷವನ್ನು ಏನೆಂದು ಹೇಳಲಿ! ಕೆಳಗೆ ಹಾರಿ ಬಾಡಿಯ ಮೇಲೆ ಎರಡು ತಟ್ಟಿದೆ. ದೊಡ್ಡಮ್ಮ ಹಿಂದೆ ಹಿಂದೆ ಬಂದಳು. ಒಂದು ತಟ್ಟಿದೆ. ಗೋಡೆಗೆ ಗೇಣುದ್ದ ಇರುವಾಗ ನಿಂತಳು.

ಈಗ ನಾನು ಬೈಯಲು ಬಾಯಿ ತೆರೆದರೆ ಸಾಕು, ಇವರು ಕಿವಿಯ ಯಂತ್ರವನ್ನು ಕಿತ್ತು ಜೇಬಿಗೆ ಇಳಿಸುತ್ತಾರೆ. ನಾನೂ ಜಗ್ಗುವವಳಲ್ಲ, ಬಾಗಿಲಿನ ಮೇಲೆ ಒಂದು ತಟ್ಟುತ್ತೇನೆ. ಲಾರಿ ರಸ್ತೆ ಬದಿಗೆ ಬಂದು ನಿಲ್ಲುತ್ತದೆ. ಯಂತ್ರ ಮತ್ತೆ ಕಿವಿಗೆ ಏರುತ್ತದೆ. ಈಗ ಹೇಳು ಮಾರಾಯ್ತಿ ಎನ್ನುತ್ತಾರೆ. ಏನು ಬೈಯಬೇಕೆಂದಿದ್ದೆನೋ ಅಷ್ಟರಲ್ಲಿ ಮರೆತೇ ಹೋಗಿರುತ್ತದೆ.