ಸಾವ್ಕಾರರ ಕಾರಿನ ಟ್ರಯಲ್

“ಏ ಲಗಮ್ಯಾ, ಸೀಟಿಗೆ ಕುಂಡಿ ಹಚ್ಚಬ್ಯಾಡಲೇ ಮಗನ! ಚೀಲಾ ಹಾಸಕೊಂಡು ಕುಂಡ್ರು!”

ಅಣ್ಣಾಸಾಹೇಬ ಸಾವ್ಕಾರರು ವಾಡೆಯ ಕಟ್ಟೆಯ ಮೇಲಿಂದ ಯೂರಿಯಾ ಚೀಲವೊಂದನ್ನು ಎಸೆದರು. ಚಾವಿ ತಿರುಗಿಸಿ ನೋಡಲೆಂದು ಕಾರಿನೊಳಗೆ ಒಂದು ಕಾಲಿಟ್ಟಿದ್ದ ಗ್ಯಾರೇಜಿನ ಮೇಸ್ತ್ರಿ ಲಗಮಪ್ಪ ಹಿಂದಿನ ಸೀಟಿನತ್ತ ನೋಡಿದ. ಅಲ್ಲಿ ಸಾವ್ಕಾರರ ಮುಧೋಳ ನಾಯಿ ಕಾಲು ಚಾಚಿ ಮಲಗಿತ್ತು. ಅದಕ್ಕೆ ಚೀಲಗೀಲ ಏನೂ ಇರಲಿಲ್ಲ, ಪುಣ್ಯವಂತ ಪ್ರಾಣಿ.

“ನಾಯಿಗೂ ಒಂದ ಚೀಲಾ ಕೊಡ್ರಿ ಸಾವ್ಕಾರ್ರ, ಕೂದಲಾ ಉದರಾಕತ್ತಾವು.”

“ಅದು ಜಾತಿ ನಾಯಿ ಐತಲೇ. ಬಾಯಿ ಮುಚಗೊಂಡು ಕೆಲಸಾ ಮಾಡ.”

ಹಳೇ ಕಾರು. ಟೈಮಿಂಗ್ ಬೆಲ್ಟಿನ ಹಲ್ಲು ಉದುರಿ ಬೆಳಿಗ್ಗೆ ವಾಡೆಯ ಅಂಗಳದಲ್ಲೇ ನಿಂತುಬಿಟ್ಟಿತ್ತು. ಸಂಜೆಯೊಳಗೆ ಜಮಖಂಡಿಗೆ ಹೋಗಿ ಮಗಳ ನಿಶ್ಚಯ ಮುಗಿಸಬೇಕು. ಬೀಗರ ಮುಂದೆ ಬಾಡಿಗೆ ಜೀಪಿನಿಂದ ಇಳಿದರೆ ಸಾವ್ಕಾರರ ಮೀಸೆಯ ಗತಿಯೇನು? ಲೋಕಾಪುರದ ಗ್ಯಾರೇಜಿಗೆ ಫೋನು ಹೋಯಿತು. ಅಲ್ಲಿಂದ ಬಂದ ಮೇಸ್ತ್ರಿ ತಮ್ಮದೇ ಊರಿನ ಮಾದರ ಕೇರಿಯವನೆಂದು ಕಂಡಾಗ ಸಾವ್ಕಾರರಿಗೆ ಹಾಗಲಕಾಯಿ ಜಗಿದಂತಾಯಿತು. ಬೇರೆ ಯಾರೂ ಸಿಗಲಿಲ್ಲ, ಏನು ಮಾಡುತ್ತಾರೆ ಪಾಪ.

ಲಗಮಪ್ಪನದೂ ಒಂದು ಹಟವಿತ್ತು. ಬೆಲ್ಟ್ ಹಾಕಿದ ಗಾಡಿಯನ್ನು ತಾನೇ ಓಡಿಸಿ ಟ್ರಯಲ್ ನೋಡದೆ ಯಾರಿಗೂ ಬಿಟ್ಟುಕೊಟ್ಟವನಲ್ಲ. ಈ ಊರಿನ ಹೆಬ್ಬಾಗಿಲಾದ ಅಗಸಿಯೊಳಗೆ ಅವನಪ್ಪ ಚಪ್ಪಲಿಯನ್ನು ಕೈಯಲ್ಲಿ ಹಿಡಿದು ನಡೆದಿದ್ದ. ಅದೇ ಅಗಸಿಯಲ್ಲಿ ತಾನು ಸ್ಟೇರಿಂಗ್ ಹಿಡಿದು ಹೋಗಬೇಕೆಂಬ ಆಸೆ ಬೆಳಿಗ್ಗೆಯಿಂದ ಅವನ ಹೊಟ್ಟೆಯೊಳಗೆ ಕುಣಿಯುತ್ತಿತ್ತು.

ಮುಂದಿನ ಗಾಲಿ ಬಿಚ್ಚಿದ, ಮುಚ್ಚಳ ತೆಗೆದ, ಇಂಜಿನ್ನಿನ ಮೇಲಿನ ಹಲ್ಲುಚಕ್ರದ್ದೂ ಕೆಳಗಿನ ಹಲ್ಲುಚಕ್ರದ್ದೂ ಗುರುತು ಕೂಡಿಸಿ ಹೊಸ ಬೆಲ್ಟ್ ಏರಿಸಿ ಬಿಗಿ ಮಾಡಿದ. ಎಲ್ಲ ಮರಳಿ ಜೋಡಿಸಿ ಚಾವಿ ತಿರುಗಿಸಿದರೆ ಇಂಜಿನ್ ಗುಂಯ್ ಎಂದಿತು.

“ಒಂದ ಟ್ರಯಲ್ ಹೊಡಕೊಂಡು ಬರತೀನ್ರಿ. ನೀವೂ ಬಾಜೂ ಕುಂತು ನೋಡ್ರಿ.”

“ಹುಚ್ಚ ಹಿಡದೈತೇನಲೇ ಬೋಳಿಮಗನ? ನೀ ಸ್ಟೇರಿಂಗ್ ಹಿಡದು ನಾ ಬಾಜೂ ಕುಂತು ಹೊಂಟರ ಊರು ಏನಂದೀತು? ಇಳಿ ಕೆಳಗ!”

ಇಳಿದ. ಅಷ್ಟರಲ್ಲಿ ಸಾವ್ಕಾರರು ಹೇಳಿಕಳಿಸಿದ್ದ ಮಠದ ಅಯ್ಯ ಶಿವಯೋಗೆಪ್ಪನವರು ತಂಬಿಗೆಯ ತುಂಬ ಗೋಮೂತ್ರ ಹಿಡಿದು ಬಂದರು. ಸೀಟಿಗೆ ಚಿಮುಕಿಸಿದರು, ಸ್ಟೇರಿಂಗಿಗೆ ಚಿಮುಕಿಸಿದರು, ಬಾನೆಟ್ಟಿಗೆ ವಿಭೂತಿ ಬಳಿದರು. ನಾಯಿಯ ಮೇಲೂ ನಾಲ್ಕು ಹನಿ ಬಿದ್ದವು. ಅದು ಮೈ ಝಾಡಿಸಿ ಅಷ್ಟನ್ನೂ ಅಯ್ಯನವರ ಧೋತರಕ್ಕೇ ವಾಪಸ್ಸು ಕೊಟ್ಟಿತು.

ಲಗಮಪ್ಪನಿಗೆ ಸಿಟ್ಟು ನೆತ್ತಿಗೇರಿತು. ಆದರೂ ಹಲ್ಲು ಕಿರಿದ.

“ಅಯ್ಯಾರ, ಬರೇ ಮ್ಯಾಲ ಹೊಡದ್ರ ಮೈಲಿಗಿ ಹೋಗತೈತೇನ್ರಿ? ನನ್ನ ಕೈ ಇಂಜಿನ್ ಒಳಗ ಹೋಗಿ ಬಂದೈತಿ. ಬೆಲ್ಟಿಗೆ ನನ್ನ ಬೆವರ ಹತ್ತೈತಿ. ಹಂಗ ಬೀಗರ ಮನಿಗೆ ಹೋಗೂದು ಛಲೋ ಅಲ್ಲ.”

ಅಯ್ಯನವರು ಹೌದೆನ್ನಬೇಕೋ ಅಲ್ಲವೆನ್ನಬೇಕೋ ತಿಳಿಯದೆ ಸಾವ್ಕಾರರ ಮುಖ ನೋಡಿದರು. ಲಗಮಪ್ಪ ಕಾಯಲಿಲ್ಲ. ಪಾನಾ ಹಿಡಿದು ಕೂತು ಮತ್ತೆ ಎಲ್ಲ ಬಿಚ್ಚಿದ. ಸಾವ್ಕಾರರು ಒದರಿದಷ್ಟೂ ಅವನ ಕೈ ಜೋರಾಯಿತು. ಬೆಲ್ಟನ್ನು ಎಳೆದು ತೆಗೆದವನೇ ತಂಬಿಗೆಯೊಳಗೆ ಅದ್ದಿ, ತೊಟ್ಟಿಕ್ಕುವ ಹಾಗೆಯೇ ಸಾವ್ಕಾರರ ಮುಂದೆ ಹಿಡಿದ.

“ಶುದ್ಧ ಆತು. ಇನ್ನ ಶುದ್ಧ ಕೈಲೇನ ಹಾಕಬೇಕು. ನೀವು ಹಾಕತೀರೋ, ಅಯ್ಯಾರು ಹಾಕತಾರೋ?”

“ಹಾಕಲೇ ಅದನ್ನ! ಇಲ್ಲಂದ್ರ ಕಾಲ ಮುರಸತೀನಿ!”

“ಮುರಸ್ರಿ. ಆಮ್ಯಾಲ ಜಮಖಂಡಿಗೆ ನಡಕೋತ ಹೋಗ್ರಿ.”

ಸಾವ್ಕಾರರ ಜೇಬಿನಲ್ಲಿ ಮೊಬೈಲ್ ಕೂಗಿತು. ಬೀಗರು.

“ಹೊಂಟೇವ್ರಿ ಬೀಗರ, ಹಾದ್ಯಾಗ ಅದೀವಿ,” ಎಂದರು ಸಾವ್ಕಾರರು, ಬೆಣ್ಣೆಯಂಥ ದನಿಯಲ್ಲಿ. ಫೋನಿಟ್ಟು ಹೊತ್ತು ನೋಡಿದರು. ಬೆವರು ಒರೆಸಿಕೊಂಡರು. “ಹಾಕೋ ಮಾರಾಯಾ. ಏನ್ ಬೇಕಲೇ ನಿನಗ?”

“ಟ್ರಯಲ್ ರೀ. ನೀವು ಬಾಜೂಕ.”

ಬೆಲ್ಟ್ ಒರೆಸಿ ಮತ್ತೆ ಏರಿಸಿದ. ಕಾರು ವಾಡೆಯ ಬಾಗಿಲು ದಾಟಿತು. ಸಾವ್ಕಾರರು ಬಾಜೂ ಕೂತು ಮುಖದ ತುಂಬ ಟವೆಲ್ ಹೊದ್ದುಕೊಂಡಿದ್ದರು. ಅಗಸಿ ಬಂದೊಡನೆ ಲಗಮಪ್ಪ ಗಾಡಿ ನಿಧಾನ ಮಾಡಿ ಒಂದೇ ಸಮನೆ ಹಾರ್ನ್ ಒತ್ತಿದ. ಕಟ್ಟೆಯ ಮೇಲಿದ್ದವರು ಎದ್ದು ನಿಂತರು. ಮನೆ ಮನೆಯಿಂದ ಮಂದಿ ಹೊರಬಂದರು.

“ಟವೆಲ್ ತಗೀರಿ ಸಾವ್ಕಾರ್ರ, ಮಂದಿ ನಮಸ್ಕಾರ ಮಾಡಾಕತ್ತಾರ!”