ಆ ಬೆನ್ನು ನನ್ನದಲ್ಲ

ತೆರೆಯ ಮೇಲೆ ಗಂಡನ ಕಾಲಿಗೆ ಬಿದ್ದಿರುವ ಆ ಬೆನ್ನು ನನ್ನದಲ್ಲ. ಸೀರೆ ನನ್ನದು, ಹೆರಳಿನ ಹೂವು ನನ್ನದು, ಅಲ್ಲಿಯವರೆಗೆ ಕಂಡ ಮುಖವೂ ನನ್ನದೇ. ಬೆನ್ನು ಮಾತ್ರ ಯಾವಳದ್ದೋ. ಕೊಲ್ಲಾಪುರದ ಟಾಕೀಸಿನಲ್ಲಿ, ಹೆಂಗಸರ ಬಾಲ್ಕನಿಯಲ್ಲಿ ಕುಳಿತು ಅದನ್ನು ನೋಡುವಾಗ ಅಂಗಾಲಿನಿಂದ ನೆತ್ತಿಯವರೆಗೆ ಉರಿದುಹೋಯಿತು.

ಈ ಸಿನಿಮಾದ ಮೂಲ ನಾಟಕ ಅಜ್ಜಂದಿರ ಕಾಲದ ಪ್ರಹಸನ. ಸಖಾರಾಮಪಂತ ಎಂಬ ಮಹಾಶಯ ಸಾಹುಕಾರನ ಮಗಳನ್ನು ಕಟ್ಟಿಕೊಳ್ಳುವ ಆಸೆಗೆ, ತವರಿಗೆ ಹೋದ ಹೆಂಡತಿ ಸತ್ತಳೆಂದು ಸಾರಿಬಿಡುತ್ತಾನೆ. ಹತ್ತನೆಯ ದಿನ ನದಿಯ ದಂಡೆಯಲ್ಲಿ ಪಿಂಡ ಇಟ್ಟರೆ ಕಾಗೆ ಮುಟ್ಟುವುದಿಲ್ಲ. ಸತ್ತವಳಿಗೆ ಏನೋ ಆಸೆ ಉಳಿದಿದೆ ಎನ್ನುತ್ತಾರೆ ಭಟ್ಟರು. ಪಂತ ಒಂದೊಂದೇ ಮಾತು ಕೊಡುತ್ತಾನೆ, ಅಳುತ್ತಾನೆ, ಹಾಡುತ್ತಾನೆ, ಕಾಗೆಯ ಕಾಲು ಹಿಡಿಯುವುದೊಂದು ಬಾಕಿ. ಆಗ ಮರದ ಹಿಂದಿನಿಂದ ಆ ಹೆಂಡತಿಯಾಗಿ ನಾನು ಬರುತ್ತಿದ್ದೆ.

"ಕಾಗಿ ಬರೂದಿಲ್ರೀ. ಸತ್ತಾಕಿ ನಾ ಅಲ್ಲ. ನನ್ನ ಪಾಲಿಗೆ ಇವತ್ತ ನೀವ ಸತ್ರಿ, ಪಿಂಡಾ ನೀವ ತಿನ್ರಿ!"

ಜನ ವನ್ಸ್ ಮೋರ್ ಕೂಗುತ್ತಿದ್ದರು. ನಾನು ಮರದ ಹಿಂದೆ ಹೋಗಿ ಮತ್ತೆ ಬರುತ್ತಿದ್ದೆ. ಸಾಂಗ್ಲಿಯಲ್ಲಿ ಒಬ್ಬಳು ಬಣ್ಣದ ಕೋಣೆಗೇ ಬಂದು ನನ್ನ ಕೈ ಹಿಡಿದು, "ನನ್ನ ಬಾಯಾಗಿನ ಮಾತು ನೀವು ಅಂದ್ರಿ, ವೇಣೂಬಾಯಿ" ಎಂದಿದ್ದಳು. ಆ ಒಂದು ಮಾತಿಗಾಗಿಯೇ ನಾನು ಮೂರು ಅಂಕ ದುಡಿಯುತ್ತಿದ್ದೆ.

ಇದನ್ನು ಹಾಡಿನ ಸಿನಿಮಾ ಮಾಡಿದವನು ನಿರ್ದೇಶಕ ಇಂಗವಲೆ. ನಾಟಕದಲ್ಲಿ ಮುಂದಿನ ಸಾಲಿನಲ್ಲಿ ನಿಂತು ವನ್ಸ್ ಮೋರ್ ಕೂಗಿದವನೂ ಅವನೇ. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ. ಕಡೆಯ ದೃಶ್ಯದ ದಿನ ರಾಗ ಬದಲಿಸಿದ.

"ವೇಣೂತಾಯಿ, ಸಂಸಾರಸ್ಥರು ನೋಡೂ ಸಿನಿಮಾರೀ ಇದು. ಗಂಡನ ಕಾಲಿಗಿ ಬೀಳ್ರಿ, ಕ್ಷಮಾ ಕೇಳೂ ಹಾಡು ಒಂದು, ಮುಗೀತು."

"ನಾಟಕಕ್ಕೇನು ಸನ್ಯಾಸಿಗಳು ಬರ್ತಿದ್ರೇನು? ಸತ್ತಳಂತ ಸುಳ್ಳು ಹೇಳಿದಾಂವ ಅವನು. ಕ್ಷಮಾ ನಾ ಯಾಕ ಕೇಳ್ಲಿ? ಬದುಕಿದ್ದು ತಪ್ಪಾತಂತೇನು?"

"ನಗೂ ಸಿನಿಮಾಕ್ಕ ಇಷ್ಟ್ಯಾಕ ಸಿಟ್ಟು, ತಾಯಿ?"

ಹೆರಳಿನ ಹೂವು ಕಿತ್ತು ಅವನ ಕುರ್ಚಿಯ ಮೇಲೆ ಎಸೆದು ಮನೆಗೆ ಬಂದೆ. ನಾನಿಲ್ಲದೆ ಆ ದೃಶ್ಯವನ್ನು ಹೇಗೆ ತೆಗೆಯುತ್ತಾನೆ ನೋಡೋಣ ಎಂದುಕೊಂಡೆ. ಕಾಲಿಗೆ ಬೀಳುವವಳಿಗೆ ಮುಖ ಬೇಕಾಗುವುದಿಲ್ಲ ಎಂಬುದು ನನಗೆ ಹೊಳೆಯಲೇ ಇಲ್ಲ.

ಈಗ ತೆರೆಯ ಮೇಲೆ ಹಾಡು ಎಳೆಯುತ್ತಿತ್ತು. ನನ್ನ ಮಾತಿಗಾಗಿ ಕಾದಿದ್ದ ಜನ ಮಿಸುಕಾಡುತ್ತಿದ್ದರು. ಕತ್ತಲಲ್ಲಿ ನನ್ನ ಗುರುತು ಹತ್ತದ ಪಕ್ಕದ ಮುದುಕಿ ನಿಟ್ಟುಸಿರು ಬಿಟ್ಟಳು.

"ನಮ್ಮ ವೇಣೂಬಾಯಿಗೆ ಏನಾತವ್ವಾ? ಆಕಿನೂ ಕಾಲಿಗಿ ಬಿದ್ಲು."

ಇಂಗವಲೆ ಎಷ್ಟು ಅಂದಿದ್ದರೂ ತಡೆದುಕೊಳ್ಳುತ್ತಿದ್ದೆ, ಇದನ್ನು ತಡೆಯಲಾಗಲಿಲ್ಲ. ಎದ್ದು ನಿಂತೆ. ತಲೆಯ ಮೇಲಿನ ಸೆರಗು ಜಾರಿದರೆ ಜಾರಲಿ ಎಂದು ಬಿಟ್ಟೆ. ಕಟ್ಟಕಡೆಯ ಬೆಂಚಿಗೆ ಮುಟ್ಟಿಸುವ ದನಿಯಲ್ಲಿ ಕೂಗಿದೆ.

"ಕಾಗಿ ಬರೂದಿಲ್ರೀ! ಸತ್ತಾಕಿ ನಾ ಅಲ್ಲ!"

ಪೂರ್ತಿ ಅಂದೆ, ಪಿಂಡದವರೆಗೂ. ತೆರೆಯ ಮೇಲೆ ಹಾಡು ನಡೆದೇ ಇತ್ತು, ತಲೆಗಳೆಲ್ಲ ಬಾಲ್ಕನಿಯ ಕಡೆ ತಿರುಗಿದವು. ಆಮೇಲೆ ಕೆಳಗಿನಿಂದ ಯಾರೋ "ವನ್ಸ್ ಮೋರ್!" ಎಂದರು. ಮೊದಲ ಆಟ ನೋಡಲು ಬಂದಿದ್ದ ಇಂಗವಲೆ ಕೆಳಗೆ ಮುಂದಿನ ಸಾಲಿನಿಂದ ತಿರುಗಿ, "ಕೂಡ್ರಿ ತಾಯಿ, ಕೂಡ್ರಿ" ಎಂದು ಕೈಮುಗಿಯುತ್ತಿದ್ದ. ಅವನನ್ನೇ ನೋಡುತ್ತ ಅದೇ ಮಾತನ್ನು ಮತ್ತೊಮ್ಮೆ ಅಂದೆ. ಈ ಸಲ ಕೆಳಗಿನವರೆಲ್ಲ ಕೂಗಿದರು.

"ವನ್ಸ್ ಮೋರ್!"

ಮೂರನೆಯ ಸಲ ನಾನು ಬಾಯಿ ತೆರೆಯಬೇಕಾಗಲಿಲ್ಲ. ಪಕ್ಕದ ಮುದುಕಿ ಎದ್ದು ನಿಂತು ಅದೇ ಮಾತು ಅಂದಳು.